ದಿನಕ್ಕೆ ನಾಲ್ಕು ನಿಮಿಷ ಹಿಂದೆ

ನನ್ನ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಮೊನ್ನೆಯವರೆಗೂ ಈ ನೋಟ್‌ಬುಕ್ಕಿಗೆ ಬಿಟ್ಟರೆ ಇದನ್ನು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಫೋನಿನಲ್ಲಿ ಟೈಮು ನೋಡಿ, ಕಳ್ಳಿಯ ಹಾಗೆ ಅದನ್ನು ಸರಿಮಾಡಿ ಮತ್ತೆ ಹೊದ್ದು ಮಲಗುತ್ತಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾಗುವುದೂ ಕಷ್ಟ. ನಮ್ಮಣ್ಣ ಮಹದೇವು 'ಐದ್ ನಿಮಿಷಕ್ಕೆ ಬಂದೆ' ಅಂದು ಹೋದರೆ ಬರುವುದು ಒಂದೂವರೆ ಗಂಟೆ ಬಿಟ್ಟು. ಅಂಥ ಮನೆಯಲ್ಲಿ ನಾಲ್ಕು ನಿಮಿಷಕ್ಕೆ ಏನು ಬೆಲೆ.

ಇದು ಗೋಡೆಗೆ ನೇತುಹಾಕುವ ಗಡಿಯಾರವಲ್ಲ. ಹಳೇ ಪ್ರಿಂಟರಿನಿಂದ ಕಿತ್ತ ಮೋಟರಿಗೆ ಒಂದು ಅಡಿಯ ಮರದ ಸ್ಕೇಲು ಕಟ್ಟಿದ್ದೇನೆ, ನಾನು ಹೈಸ್ಕೂಲಿಗೆ ಒಯ್ಯುತ್ತಿದ್ದದ್ದೇ. ಒಂದು ತುದಿಯಲ್ಲಿ ಸಾಲಾಗಿ ಎಂಟು ಕೆಂಪು ಎಲ್‌ಇಡಿ, ಇನ್ನೊಂದು ತುದಿಯಲ್ಲಿ ಬ್ಯಾಟರಿ, ನಡುವೆ ಬೆಂಕಿಪೊಟ್ಟಣದಷ್ಟು ಬೋರ್ಡು. ನಿಂತಿದ್ದಾಗ ನೋಡಿದರೆ ಗುಜರಿಯವನೂ ಮುಟ್ಟುವುದಿಲ್ಲ. ತಿರುಗಿಸಿದರೆ ಸ್ಕೇಲು ಮಾಯವಾಗಿ, ಬರೀ ಗಾಳಿಯಲ್ಲಿ ಕನ್ನಡ ಅಂಕಿಗಳು ನಿಲ್ಲುತ್ತವೆ. ಇದರಲ್ಲಿ ಪವಾಡವೇನಿಲ್ಲ. ದೀಪಗಳು ತಿರುಗುತ್ತ ತಿರುಗುತ್ತಲೇ ಬೇಕಾದ ಜಾಗದಲ್ಲಿ ಹತ್ತಿ ಆರುತ್ತವೆ. ನಮ್ಮ ಕಣ್ಣು ಸೋಮಾರಿ, ಆರಿಹೋದದ್ದನ್ನೂ ಇನ್ನೂ ಉರಿಯುತ್ತಿದೆ ಅಂದುಕೊಳ್ಳುತ್ತದೆ. ಅಣ್ಣ ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ಸಲ ಹೊಳೆದಿದ್ದ. ಅಮ್ಮನಿಗೆ ಅದು ಇವತ್ತಿಗೂ ಕಾಣುತ್ತಿದೆ.

ನಾಲ್ಕು ನಿಮಿಷದ ಕಥೆಯನ್ನೂ ಬರೆದುಬಿಡುತ್ತೇನೆ. ಟೈಮು ನಿಖರವಾಗಿರಲು ಬೇರೆಯೇ ಒಂದು ಚಿಪ್ಪು ಬೇಕು. ಅದನ್ನು ಕೇಳಲೆಂದು ಪೇಟೆಬೀದಿಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿದ್ದೆ. ಕೌಂಟರಿನ ಮುಂದೆ ಮೂವರು ಗಂಡಸರು ನಿಂತಿದ್ದರು. ಅಂಗಡಿಯವನು 'ಏನ್ ಮೇಡಂ, ಚಾರ್ಜರ್ರಾ?' ಅಂದ. ನಾನು 'ಹೂಂ' ಅಂದೆ. ಚಾರ್ಜರು ತೆಗೆದುಕೊಂಡು ಗುತ್ತಲಿನ ಮನೆಗೆ ನಡೆದು ಬಂದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಫಸ್ಟ್ ಕ್ಲಾಸ್ ಬಿ.ಎಸ್ಸಿ. ಆದವಳು. ಆಮೇಲೆ ಚೀಟಿ ಬರೆದು ಅಣ್ಣನನ್ನು ಕಳಿಸಿದೆ. ಅವನು ಗೋಡೆ ಗಡಿಯಾರದ ಮೆಷಿನ್ನು ತಂದ, ಮುಳ್ಳುಗಳ ಸಮೇತ. 'ಗಡಿಯಾರದ್ ಸಾಮಾನು ಅಂದ್ರೆ ಇದೇ ಕಣಮ್ಮಿ, ಚೀಟಿ ಯಾಕೆ ಇದಕ್ಕೆ' ಅಂದ. ಹೀಗಾಗಿ ಬೋರ್ಡು ತನ್ನಷ್ಟಕ್ಕೆ ತಾನೇ ಸೆಕೆಂಡು ಎಣಿಸಿಕೊಳ್ಳುತ್ತದೆ, ಎಣಿಸುತ್ತ ತಪ್ಪುತ್ತದೆ. ಅದರ ತಪ್ಪಲ್ಲ.

ಗಡಿಯಾರ ಮೊದಲ ಸಲ ಅಂಕಿ ತೋರಿಸಿದ ದಿನ ಅಣ್ಣ ಅದರ ವೀಡಿಯೋ ತೆಗೆದ. ಅರ್ಧ ವೀಡಿಯೋದಲ್ಲಿ ಅವನ ಮುಖವೇ ಇತ್ತು. ಹಿಂದೊಂದು ಸಂಗೀತ ಹಾಕಿ, ಕೆಳಗೆ 'ನನ್ನ ಹೊಸ ಆವಿಷ್ಕಾರ' ಎಂದು ಬರೆದು ಸ್ಟೇಟಸ್ಸಿಗೆ ಹಾಕಿದ. ಕೇಳಿದ್ದಕ್ಕೆ, 'ನೀನಂತೂ ಬಾಯ್ ಬುಡಕಿಲ್ಲ. ಯಾರಾದ್ರೂ ಯೋಳ್ಬೇಕಲ್ಲ? ಮನೇದು ಮನೇಗೇ ತಾನೆ' ಅಂದ.

ಆ ವೀಡಿಯೋ ಕೈಯಿಂದ ಕೈಗೆ ಹೋಗಿ ಮದ್ದೂರಿನ ಅಂಕಯ್ಯನವರ ಫೋನಿಗೆ ಸೇರಿತು. ಅವರದು ಅಲ್ಲಿ ಒಂದು ತಾಂತ್ರಿಕ ತರಬೇತಿ ಸಂಸ್ಥೆ. ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಒಬ್ಬರು ಇನ್‌ಸ್ಟ್ರಕ್ಟರ್ ಬೇಕಾಗಿದ್ದರು. ಬೇಕಾಗಿದ್ದರು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಜೂನ್‌ನಲ್ಲಿ ಅದೇ ಕೆಲಸಕ್ಕೆ ನಾನೇ ಇಂಟರ್‌ವ್ಯೂಗೆ ಹೋಗಿದ್ದೆ. ಅವರು ಮೂರು ಸಲ 'ವಸಿ ಜೋರಾಗಿ ಮಾತಾಡಮ್ಮ' ಅಂದರು, ನಾನು ಮೂರು ಸಲವೂ ನೆಲ ನೋಡಿದೆ, ಅವರು ಫೈಲು ಮುಚ್ಚಿದರು. ಈಗ ಅವರೇ ಫೋನು ಮಾಡಿದ್ದರು. 'ಹುಡುಗನ್ ಕೆಲಸ ನೋಡ್ಬೇಕು, ಭಾನುವಾರ ನಾಲ್ಕಕ್ಕೆ ಬತ್ತೀನಿ. ಸರಿ ಅನ್ನುಸ್ತು ಅಂದ್ರೆ ಸೋಮವಾರದಿಂದ್ಲೇ ಬರ್ಲಿ.'

ಸ್ಕ್ರೂ ಬಿಚ್ಚಲು ಬಾರದವನು ಸೋಮವಾರದಿಂದ ನನ್ನ ಲ್ಯಾಬಿನಲ್ಲಿ ನಿಂತು ಮಕ್ಕಳಿಗೆ ಸೋಲ್ಡರಿಂಗ್ ಹೇಳಿಕೊಡುತ್ತಾನೆ. ನಾನು ಮನೆಯಲ್ಲಿ ಅವನ ಬುತ್ತಿ ಕಟ್ಟುತ್ತೇನೆ. ಅಮ್ಮ ಆಗಲೇ ಹೊಸ ಬುತ್ತಿಡಬ್ಬಿ ತೊಳೆದು ಕವುಚಿಟ್ಟಿದ್ದಳು.

ಭಾನುವಾರ ಅಂಕಯ್ಯನವರು ಹೇಳಿದ ಹೊತ್ತಿಗೇ ಬಂದರು. ಬಿಳಿ ಅಂಗಿ, ಕೈಯಲ್ಲಿ ಹಳೇ ಕೀ ವಾಚು. ಅಪ್ಪ ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಡ್ಯೂಟಿಯಲ್ಲಿದ್ದರು. ನಾನು ಕಿಟಕಿಗಳಿಗೆ ಜಮಖಾನ ಕಟ್ಟಿ ನಡುಮನೆಯನ್ನು ಕತ್ತಲು ಮಾಡಿದ್ದೆ. ಅಂಕಯ್ಯನವರು ನನ್ನ ಕೈಯಿಂದ ಕಾಫಿ ತೆಗೆದುಕೊಂಡರು, ಗುರುತು ಹಿಡಿಯಲಿಲ್ಲ. ಹಿಡಿಯಲು, ಇಂಟರ್‌ವ್ಯೂ ದಿನ ಅವರು ನೋಡಿದ್ದು ನನ್ನ ನೆತ್ತಿಯನ್ನು ಮಾತ್ರ.

'ಇದರದ್ದು ತತ್ವ ಏನು?' ಅಂತ ಕೇಳಿದರು.

'ಭೂಮಿ ತಿರುಗ್ತದಲ್ಲ ಸಾರ್, ಅದೇ' ಅಂದ ಅಣ್ಣ. 'ಭೂಮಿ ತಿರುಗೋದ್ರಿಂದ ತಾನೆ ನಮ್ಗೆ ಟೈಮು. ಅದನ್ನೇ ನಾನು ಚಿಕ್ಕದಾಗಿ ಮಾಡಿದ್ದೀನಿ.'

ಬಾಗಿಲ ಬಳಿ ಕೂತಿದ್ದ ದೇವಿರಮ್ಮಜ್ಜಿ, 'ನಮ್ ಮಾದೇವ ಭೂಮೀನೇ ಮಾಡವ್ನೆ ಸಾಮಿ' ಅಂದಳು. ಅಜ್ಜಿಗೆ ಅದು ಹೊಗಳಿಕೆ.

ಅಣ್ಣ ಸ್ವಿಚ್ಚು ಹಾಕಿದ. ಸ್ಕೇಲು ಮಾಯವಾಯಿತು, ಅಂಕಿಗಳು ಹತ್ತಿದವು. ಆದರೆ ನಿಲ್ಲಲಿಲ್ಲ. ೪:೧೦ ಎಡಕ್ಕೆ ಸರಿಯಿತು, ಕೆಳಗಿಳಿಯಿತು, ತಲೆಕೆಳಗಾಗಿ ಬಲಕ್ಕೆ ಹತ್ತಿತು, ಗಾಣದ ಎತ್ತಿನ ಹಾಗೆ ಸುತ್ತತೊಡಗಿತು. ಅಂಕಯ್ಯನವರ ಕತ್ತು ಅದರ ಜೊತೆಗೇ ತಿರುಗಿತು.

'ವೋಲ್ಟೇಜು ಸಾರ್' ಅಂದ ಅಣ್ಣ. 'ನಮ್ ಗುತ್ತಲು ಕಡೆ ಕರೆಂಟು ಸರಿ ಇಲ್ಲ.'

'ಮೇಲೆ ಬ್ಯಾಟ್ರಿ ಐತಲ್ಲಪ್ಪ?'

'ಬ್ಯಾಟ್ರಿಗೂ ವೋಲ್ಟೇಜು ಬೇಕಲ್ವಾ ಸಾರ್.'

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವನ ಮಾನ ಹೋಗಲಿ, ಆ ಸುತ್ತುತ್ತಿರುವ ಅಂಕಿ ನನ್ನದು. ಬಗ್ಗಿ ನೋಡಿದೆ. ಗಡಿಯಾರದ ಪೀಠದ ಮೇಲೆ ಒಂದು ಪುಟ್ಟ ಬಲ್ಬಿದೆ, ಅದರ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಸ್ಕೇಲಿನ ಅಡಿಯಲ್ಲಿರುವ ಸೆನ್ಸರು ಪ್ರತಿ ಸುತ್ತಿನಲ್ಲೂ ಅದನ್ನು ಒಮ್ಮೆ ನೋಡಿ, ಸುತ್ತು ಶುರುವಾಗುವುದು ಇಲ್ಲಿಂದ ಎಂದು ತಿಳಿದುಕೊಳ್ಳುತ್ತದೆ. ಆ ಬಲ್ಬಿನ ನೆತ್ತಿಗೆ ಅರಿಸಿನದಲ್ಲಿ ಕಲಸಿದ ದಪ್ಪ ಕುಂಕುಮ ಕೂತಿತ್ತು.

ನಮ್ಮ ಮನೆಯಲ್ಲಿ ಅಪ್ಪ ಬುದ್ಧ ವಿಹಾರಕ್ಕೆ, ಅಜ್ಜಿ ಪಟ್ಟಲಮ್ಮನ ಗುಡಿಗೆ. ಅಪ್ಪನ ಹೊಸ ಬೈಕಿಗೂ, ಅಮ್ಮನ ಮಿಕ್ಸಿಗೂ ಅಪ್ಪ ಆ ಕಡೆ ಹೋದ ಮೇಲೆ ಅಜ್ಜಿ ಕುಂಕುಮ ಇಡುತ್ತಾಳೆ. ಅಪ್ಪ ಬಂದವರು ನೋಡಿಯೂ ನೋಡದಂತೆ ಇರುತ್ತಾರೆ. ಇದಕ್ಕೂ ಇಟ್ಟಿದ್ದಳು. ಸ್ಕೇಲಿಗಾದರೂ ಇಡಬಾರದಿತ್ತೇ.

ಸ್ವಿಚ್ಚು ಆರಿಸಿ, ವೇಲಿನ ತುದಿಗೆ ನೀರಿನ ಲೋಟದ ತೇವ ಹಚ್ಚಿಕೊಂಡು ಒರೆಸಿದೆ.

'ಅಯ್ಯೋ, ಒರೆಸ್ಬುಟ್ಯಲ್ಲಮ್ಮಿ' ಅಂದಳು ಅಜ್ಜಿ. 'ದೃಷ್ಟಿ ಆಗ್ಬಾರ್ದು ಅಂತ ಇಕ್ಕಿದ್ದೆ. ಅದೊಂದು ತಾನೇ ತಲೆ ಇದ್ದಂಗೆ ಕಾಣ್ತಿತ್ತು.'

'ಒರ್ಸು ಅಂತ ನಾನೇ ಯೋಳ್ಬೇಕು ಅಂತಿದ್ದೆ' ಅಂದ ಅಣ್ಣ, ಒಂದಿಷ್ಟೂ ನಾಚದೆ.

ಮತ್ತೆ ತಿರುಗಿಸಿದೆ. ಅಂಕಿಗಳು ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತವು: ೪:೧೬. ಅಂಕಯ್ಯನವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅವರ ಬಿಳಿ ಅಂಗಿಯ ಮೇಲೆ ಕೆಂಪು ಬೆಳಕು ಬಿದ್ದಿತ್ತು. ಆಮೇಲೆ ಅಣ್ಣನ ಬೆನ್ನು ತಟ್ಟಿದರು.

'ಚೆಂದಾಗೈತೆ ಕಣಪ್ಪ. ತಂಗೀಗೂ ಟ್ರೇನಿಂಗ್ ಕೊಟ್ಟಿದ್ದೀಯ, ಅದು ಇನ್ನೂ ಚೆಂದ.'

'ಅವಳಿಗೆ ಅಷ್ಟು ತಲೆ ಓಡಕಿಲ್ಲ ಸಾರ್. ಆದ್ರೂ ಯೋಳ್ಕೊಟ್ಟಿದ್ದೀನಿ.'

ಇಷ್ಟಾದರೂ ನಾನು ಬಾಯಿ ಬಿಡಲಿಲ್ಲ. ಇಲ್ಲಿ ಸುಳ್ಳು ಬರೆಯುವುದಿಲ್ಲ. ಅಣ್ಣನ ಮೇಲೆ ನನಗೆ ಎಷ್ಟು ತಿರಸ್ಕಾರವಿತ್ತೋ ನನ್ನ ಮೇಲೆ ಅದರ ದುಪ್ಪಟ್ಟಿತ್ತು. ಅವನಿಗಾದರೂ ಸುಳ್ಳು ಹೇಳಲು ಬರುತ್ತದೆ.

'ದಿನಕ್ಕೆ ಎಷ್ಟು ಹೆಚ್ಚುಕಮ್ಮಿ ಆಯ್ತದೆ ಇದು?' ಅಂದರು ಅಂಕಯ್ಯನವರು.

'ಒಂದ್ ಸೆಕೆಂಡೂ ಇಲ್ಲ ಸಾರ್. ಫೋನ್‌ನವರು ಬೇಕಾದ್ರೆ ಇದ್ನ ನೋಡ್ಕಂಡು ಸರಿ ಮಾಡ್ಕಬೇಕು.'

ಅಂಕಯ್ಯನವರು ಅಂಗಿಯ ತೋಳು ಸರಿಸಿ ವಾಚು ನೋಡಿದರು. 'ನಂದು ಎರಡು ನಿಮಿಷ ಮುಂದೈತಲ್ಲ.'

'ಹಳೇ ವಾಚಲ್ವಾ ಸಾರ್. ಓಡ್ಬುಡ್ತವೆ ಒಂದೊಂದ್ ಸಲ.'

'ಇರಬೌದು. ನಮ್ಮಪ್ಪಂದು ಇದು. ಮೂವತ್ತು ವರ್ಷದಿಂದ ಕಟ್ಟಿದ್ದೀನಿ, ಒಂದ್ ದಿನಾನೂ ಯಾಮಾರ್ಸಿಲ್ಲ' ಅಂದರು. ಅಂದು, ಹೆಬ್ಬೆರಳು ತೋರುಬೆರಳಿನಲ್ಲಿ ವಾಚಿನ ಕೀ ಹಿಡಿದು ಹೊರಕ್ಕೆ ಎಳೆದರು. ಗಾಳಿಯಲ್ಲಿದ್ದ ನನ್ನ ಅಂಕಿಯನ್ನು ನೋಡುತ್ತ, ಮುಳ್ಳನ್ನು ಹಿಂದಕ್ಕೆ ತಿರುಗಿಸಲು ಶುರುಮಾಡಿದರು.

ಬೆಳಿಗ್ಗೆ ಐದಕ್ಕೆ ಸರಿಮಾಡಿದ್ದೆ. ಹನ್ನೊಂದು ಗಂಟೆ ಕಳೆದಿತ್ತು. ಎರಡು ನಿಮಿಷ, ಸರಿಯಾದ ಲೆಕ್ಕ. ನಾನು ಅಂಗಡಿಯಲ್ಲಿ 'ಹೂಂ' ಅಂದದ್ದಕ್ಕೆ ಮೂವತ್ತು ವರ್ಷ ಸರಿಯಾಗಿ ನಡೆದ ವಾಚು ಸುಳ್ಳಾಗುತ್ತಿತ್ತು.

'ಬೇಡಿ ಸಾರ್' ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣ, 'ಲೇ ಸೋಬಿ, ಒಳಕ್ಕೋಗು' ಅಂದ.

ನೆಲ ನೋಡಬೇಕು ಅನ್ನಿಸಿತು. ವಾಚನ್ನೇ ನೋಡಿದೆ.

'ನಿಮ್ಮ ವಾಚು ಸರಿಯಾಗಿದೆ ಸಾರ್. ಈ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೆ. ಆ ತಪ್ಪು ನಾನು ಮಾಡಿದ್ದು.'