ಅಕ್ಕನ ತೊಟ್ಟಿಯ ಸ್ಪಂಜು

ಆ ಮನೆಯ ಯಜಮಾನ ಒಂದು ಮೀನು. ಅದರ ಹೆಸರೇ ಯಜಮಾನ. ಕಿತ್ತಳೆ ಬಣ್ಣ, ಡೊಳ್ಳು ಹೊಟ್ಟೆ, ಒಂದು ಕಣ್ಣು ಮಂಜು. ಹಾಲ್‌ನ ಗೋಡೆಗೆ ಒತ್ತಿಕೊಂಡಿದ್ದ ಗಾಜಿನ ತೊಟ್ಟಿಯಲ್ಲಿ ಒಬ್ಬನೇ ಗತ್ತಿನಿಂದ ಓಡಾಡಿಕೊಂಡಿರುತ್ತಿದ್ದ. ಸಂಬಳ ತಂದು ಹಾಕುವ ಲಿಫ್ಟ್ ಮೆಕ್ಯಾನಿಕ್‌ಗೆ ಅಲ್ಲಿ ಎರಡನೆಯ ಸ್ಥಾನ. ಯಜಮಾನರ ಊಟ ಆಯಿತೇ ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದರೆ, ಆ ಕಾಳಜಿ ತನ್ನ ಬಗ್ಗೆ ಅಲ್ಲವೆಂದು ಅವನಿಗೆ ಗೊತ್ತಿತ್ತು.

ಮೀನು ದೊಡ್ಡ ಮಗಳದು. ಹೈಸ್ಕೂಲಿಗೆ ಹೋಗುವ ಈ ಹುಡುಗಿ ಯಾವುದಕ್ಕೂ ಸೊಲ್ಲೆತ್ತಿದವಳಲ್ಲ. ಚಿಕ್ಕವಳು ಅದಕ್ಕೆ ತದ್ವಿರುದ್ಧ. ಅವಳು ಮುಖ ಊದಿಸಿದಳೆಂದರೆ ಮನೆಯಲ್ಲಿ ಯಾರಿಗೂ ಊಟ ಸೇರದು. ಕಿಟಕಿ ಪಕ್ಕದ ಮಂಚ, ಸೈಕಲ್ಲು, ಕೊನೆಗೆ ಅಕ್ಕ ಬಹುಮಾನವಾಗಿ ಗೆದ್ದು ತಂದ ಬಣ್ಣದ ಪೆಟ್ಟಿಗೆ, ಎಲ್ಲವೂ ಒಂದೊಂದಾಗಿ ತಂಗಿಯ ಕಡೆಗೆ ಸರಿದಿದ್ದವು. ಪಾಪ, ಚಿಕ್ಕವಳಲ್ಲವೇ ಎಂದು ಅಪ್ಪ ಅನ್ನುವುದು, ಇರಲಿ ಬಿಡಪ್ಪ ಎಂದು ದೊಡ್ಡವಳು ಅನ್ನುವುದು. ಇವೆರಡು ಮಾತುಗಳ ಮೇಲೆಯೇ ಸಂಸಾರ ಸುಸೂತ್ರವಾಗಿ ನಡೆದಿತ್ತು. ಸುಸೂತ್ರ ಎಂದು ಅಂದುಕೊಂಡವನು ಅಪ್ಪ ಮಾತ್ರ ಎನ್ನುವುದು ಬೇರೆ ವಿಷಯ.

ಆ ವರ್ಷ ಚಿಕ್ಕವಳು ಹುಟ್ಟುಹಬ್ಬಕ್ಕೆ ತನಗೂ ಒಂದು ಮೀನಿನ ತೊಟ್ಟಿ ಬೇಕೆಂದು ಹಠ ಹಿಡಿದಳು. ಅಪ್ಪ ತಂದೇಬಿಟ್ಟ. ಯಜಮಾನನ ತೊಟ್ಟಿಗಿಂತ ಚಿಕ್ಕದು, ಅಡಿಗೆ ಬಿಳಿ ಹರಳು, ಮೂಲೆಯಲ್ಲಿ ಗುಳ್ಳೆ ಬಿಡುವ ಫಿಲ್ಟರ್. ನೀರು ತುಂಬಿದ ಮೇಲೆ ದೊಡ್ಡವಳು ಅಡ್ಡ ಬಂದಳು. ಈಗಲೇ ಮೀನು ಬಿಡುವಂತಿಲ್ಲ, ನೀರು ಮೊದಲು ಪಳಗಬೇಕು ಎಂದಳು. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ, ಆ ವಿಷವನ್ನು ತಿಂದು ಅರಗಿಸುವ ಜೀವಾಣುಗಳು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಳ್ಳಲು ವಾರಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಖಾಲಿ ನೀರಿಗೇ ಚಿಟಿಕೆ ಮೀನಿನ ಆಹಾರ ಹಾಕುತ್ತ ಅವುಗಳನ್ನು ಸಾಕಬೇಕು ಎಂದು ವಿವರಿಸಿದಳು. ದಿನವೂ ಶಾಲೆಯಿಂದ ಬಂದವಳೇ ತಂಗಿಯ ತೊಟ್ಟಿಯ ನೀರನ್ನು ಪುಟ್ಟ ಗಾಜಿನ ಕೊಳವೆಗೆ ತುಂಬಿ, ಔಷಧಿಯ ಹನಿ ಹಾಕಿ ಬೆಳಕಿಗೆ ಹಿಡಿಯುವಳು. ಹಸಿರಾದರೆ ವಿಷ ಇದೆ, ಹಳದಿಯಾದರೆ ಇಲ್ಲ. ದಿನವೂ ಹಸಿರೇ.

ಮೀನೇ ಇಲ್ಲದ ನೀರಿಗೆ ಊಟ ಬಡಿಸುವುದನ್ನು ನೋಡಿ ಹೆಂಡತಿ, ನಮ್ಮ ಮನೇಲಿ ನೀರಿಗೂ ಹಸಿವಾಗತ್ತೆ ಎಂದು ನಕ್ಕಳು. ಚಿಕ್ಕವಳು ನಗಲಿಲ್ಲ. ಗೆಳತಿಯರನ್ನೆಲ್ಲ ಕರೆದಾಗಿತ್ತು, ಬಂದವರಿಗೆ ಬರೀ ನೀರು ತೋರಿಸಲೇ ಎಂದು ಅತ್ತಳು. ಅಷ್ಟರಲ್ಲಿ ದೊಡ್ಡವಳು ಶಾಲೆಯ ಪ್ರವಾಸಕ್ಕೆ ಹೊರಟಳು. ತಂಗಿಯ ಹುಟ್ಟುಹಬ್ಬಕ್ಕೆ ಅವಳು ಇರುವುದಿಲ್ಲ ಎನ್ನುವುದು ಹೊರಡುವ ದಿನವೇ ಎಲ್ಲರಿಗೂ ಹೊಳೆದದ್ದು.

ಹೋಗುವ ಮುಂಚೆ ಒಂದು ಮಾತು ಹೇಳಿದ್ದಳು. ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಹಾಕಿದರೆ ಹೊಸ ನೀರು ಬೇಗ ಪಳಗುತ್ತದಂತೆ, ಬಂದ ಮೇಲೆ ನೋಡೋಣ ಎಂದು. ಅಪ್ಪನ ಕಿವಿಗೆ ಬಿದ್ದದ್ದು ಬೇಗ ಎನ್ನುವುದು ಮಾತ್ರ.

ಅವನ ಕಸುಬೇ ಅಂಥದ್ದು. ಒಂದು ಕಟ್ಟಡದಲ್ಲಿ ಎರಡು ಲಿಫ್ಟ್ ಇದ್ದು, ಜನ ತುಂಬಿ ತುಳುಕುವ ಮುಂದಿನ ಲಿಫ್ಟ್ ಕೆಟ್ಟಿತೆನ್ನಿ. ಅವನು ಹಿಂದುಗಡೆಯ, ಸಾಮಾನು ಸಾಗಿಸುವ ಲಿಫ್ಟಿನ ಭಾಗ ಕಿತ್ತು ಮುಂದಿನದಕ್ಕೆ ಹಾಕಿ ಓಡಿಸಿಬಿಡುತ್ತಿದ್ದ. ಮುಂದಿನದು ನಿಂತರೆ ಜನ ಮೈಮೇಲೆ ಬರುತ್ತಾರೆ, ಹಿಂದಿನದು ನಿಂತರೆ ಕೇಳುವವರಿಲ್ಲ. ಅದೇ ಕೈ ಮನೆಯಲ್ಲೂ ಓಡಿತು. ಯಜಮಾನನ ಫಿಲ್ಟರಿನಿಂದ ಕಪ್ಪು ಬಣ್ಣಕ್ಕೆ ತಿರುಗಿದ್ದ ಹಳೆಯ ಸ್ಪಂಜನ್ನು ಇಡಿಯಾಗಿ ಕಿತ್ತು ಚಿಕ್ಕವಳ ತೊಟ್ಟಿಗೆ ಹಾಕಿದ. ಅಲ್ಲಿದ್ದ ಹೊಸ ಸ್ಪಂಜನ್ನು ಇಲ್ಲಿಗೆ ಸಿಕ್ಕಿಸಿದ. ಮನಸ್ಸು ಚುಚ್ಚಿತೆಂದು, ದೊಡ್ಡವಳಿಗೆ ಸಂತೋಷವಾಗಲಿ ಎಂದು, ಯಜಮಾನನನ್ನು ಬಕೆಟ್ಟಿನಲ್ಲಿ ಕೂರಿಸಿ ಅವಳ ತೊಟ್ಟಿಯ ಹರಳು, ಗಾಜು ಎಲ್ಲವನ್ನೂ ನಲ್ಲಿ ನೀರಿನಲ್ಲಿ ತಿಕ್ಕಿ ಥಳಥಳ ತೊಳೆದಿಟ್ಟ. ಲಂಚ ಕೊಡುವವರ ಉತ್ಸಾಹವೇ ಬೇರೆ.

ಅವಳಿಗೆ ಫೋನ್ ಮಾಡಿ ಕೇಳಬಹುದಿತ್ತು. ಫೋನು ಕೈಗೆತ್ತಿಕೊಂಡೂ ಇದ್ದ. ಅವಳು ಬೇಡ ಎನ್ನುವಳೆಂದು ಹೆದರಿ ಕೆಳಗಿಟ್ಟದ್ದಲ್ಲ. ಇರಲಿ ಬಿಡಪ್ಪ ಎನ್ನುತ್ತಾಳೆಂದು ಗೊತ್ತಿತ್ತು, ಅದನ್ನು ಇನ್ನೊಂದು ಸಲ ಕೇಳಲು ಮನಸ್ಸಾಗಲಿಲ್ಲ.

ಹುಟ್ಟುಹಬ್ಬ ಭರ್ಜರಿಯಾಗಿ ನಡೆಯಿತು. ಹೊಸ ತೊಟ್ಟಿಯಲ್ಲಿ ನೀಲಿ ಗೆರೆಯ ಪುಟಾಣಿ ಮೀನುಗಳ ಗುಂಪು ಮಿಂಚುತ್ತ ಓಡಾಡಿತು, ಮಕ್ಕಳು ಗಾಜಿಗೆ ಮೂಗೊತ್ತಿ ನಿಂತರು. ಚಿಕ್ಕವಳು ಅಪ್ಪನ ಕೊರಳಿಗೆ ಜೋತುಬಿದ್ದಳು. ಅಪ್ಪ ಹಿಗ್ಗಿದ.

ಪ್ರವಾಸ ಮುಗಿಯುವ ಹಿಂದಿನ ದಿನ ಯಜಮಾನ ಊಟ ಬಿಟ್ಟ. ನೀರಿನ ಮೇಲ್ಭಾಗಕ್ಕೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದ, ಕಿವಿರುಗಳು ಕೆಂಪಾಗಿದ್ದವು. ಅಪ್ಪ ದೊಡ್ಡವಳ ಕೊಳವೆ ಹುಡುಕಿ ತಂದು ಹನಿ ಹಾಕಿದ. ನೀರು ಕಡು ಹಸಿರಾಯಿತು. ಹೊಸ ತೊಟ್ಟಿಯ ನೀರನ್ನೂ ನೋಡಿದ. ಅದು ಹಳದಿ.

ಸ್ಪಂಜನ್ನು ವಾಪಸ್ ಹಾಕಬೇಕು ಎಂದು ಕೈ ಚಾಚಿದ. ಆ ತೊಟ್ಟಿಯ ಪುಟಾಣಿಗಳು ಕಂಡವು. ನಾಳೆ ಅವು ಹೀಗೆ ಬಾಯಿ ಬಿಟ್ಟರೆ ಚಿಕ್ಕವಳು ಮನೆ ತಲೆಕೆಳಗು ಮಾಡುತ್ತಾಳೆ. ಕೈ ಹಿಂದಕ್ಕೆ ಬಂತು. ಯಜಮಾನನ ಅರ್ಧ ನೀರು ಬದಲಾಯಿಸಿದ, ಸಂಜೆ ಮತ್ತೆ ಬದಲಾಯಿಸಿದ. ಗಟ್ಟಿ ಜೀವ, ತಡೆದುಕೊಳ್ಳುತ್ತಾನೆ ಎಂದುಕೊಂಡ. ದೊಡ್ಡವಳ ಬಗ್ಗೆಯೂ ತಾನು ಇಷ್ಟು ವರ್ಷ ಹೀಗೇ ಅಂದುಕೊಂಡು ಬಂದದ್ದು ನೆನಪಾಗಿ ಬಕೆಟ್ಟನ್ನು ಕೆಳಗಿಟ್ಟ.

ಮರುದಿನ ದೊಡ್ಡವಳು ಬಂದು ಚೀಲ ಇಳಿಸುವ ಮೊದಲೇ ತೊಟ್ಟಿಯ ಮುಂದೆ ನಿಂತಳು. ಯಜಮಾನ ತಳದಲ್ಲಿ ಓರೆಯಾಗಿ ಮಲಗಿದ್ದ. ಥಳಥಳಿಸುವ ಗಾಜು ನೋಡಿದಳು, ಬೆಳ್ಳಗಿದ್ದ ಸ್ಪಂಜು ನೋಡಿದಳು. ತಿರುಗಿ ತಂಗಿಯ ತೊಟ್ಟಿ ನೋಡಿದಳು. ಈಚೆಗೆ ನಲ್ಲಿ ನೀರೇ ಸರಿ ಬರುತ್ತಿಲ್ಲ ಎಂದು ಅಪ್ಪ ಶುರು ಮಾಡಿದ್ದ. ಆ ಸುಳ್ಳನ್ನು ಅರ್ಧಕ್ಕೇ ಬಿಟ್ಟ.

"ನಾನೇ ತೆಗೆದೆ ಪುಟ್ಟಿ," ಎಂದ. "ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು."

ಅವಳು ಕೂಗಾಡಲಿಲ್ಲ. ಕತ್ತರಿ ತಂದಳು. ತಂಗಿಯ ತೊಟ್ಟಿಯಿಂದ ಸ್ಪಂಜು ಎತ್ತಿ ಸರಿಯಾಗಿ ನಡುವೆ ಕತ್ತರಿಸಿ, ಅರ್ಧ ಅಲ್ಲೇ ಬಿಟ್ಟು, ಅರ್ಧ ತನ್ನದಕ್ಕೆ ಹಾಕಿದಳು.

"ಕೇಳಿದ್ರೆ ಹೇಳ್ತಿದ್ದೆ. ಅರ್ಧ ಸಾಕಾಗಿತ್ತಪ್ಪ, ಇಬ್ಬರಿಗೂ."

ಬೈದಿದ್ದರೆ ಅವನು ಬೈಸಿಕೊಂಡು ಹಗುರಾಗುತ್ತಿದ್ದ. ಒಬ್ಬಳಿಂದ ಕಿತ್ತರೆ ಮಾತ್ರ ಇನ್ನೊಬ್ಬಳಿಗೆ ಕೊಡಲು ಸಾಧ್ಯ ಎಂದು ತನಗೆ ಹೇಳಿಕೊಟ್ಟವರು ಯಾರು ಎಂದು ಯೋಚಿಸುತ್ತ ಅವನು ಕುರ್ಚಿಯಲ್ಲಿ ಕೂತ. ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಯಜಮಾನ ತೇಲುತ್ತಿದ್ದ. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಚಿಕ್ಕವಳೂ ಜೋರಾಗಿ ಅತ್ತಳು, ಅವಳನ್ನು ಸಮಾಧಾನ ಮಾಡಿದ್ದು ಅಕ್ಕನೇ. ಮೀನನ್ನು ಹೂವಿನ ಕುಂಡದ ಮಣ್ಣಿನಲ್ಲಿ ಹೂತು ಬಂದು ಕೈ ತೊಳೆದುಕೊಳ್ಳುತ್ತ ದೊಡ್ಡವಳು ಅಪ್ಪನಿಗೆ ಹೇಳಿದಳು:

"ನನ್ನ ಸ್ಪಂಜು ಇಲ್ಲೇ ಬಿಟ್ರೆ ತಿನ್ನೋಕೇನೂ ಇಲ್ದೆ ಅದೂ ಸಾಯತ್ತೆ. ಅವಳ ಟ್ಯಾಂಕಿಗೇ ಹಾಕ್ಬಿಡು."

ಅಪ್ಪ ಸ್ಪಂಜು ಕೈಗೆ ತೆಗೆದುಕೊಂಡ. ಹಾಲ್ ದಾಟಿ ಚಿಕ್ಕವಳ ತೊಟ್ಟಿಯ ತನಕ ಹೋದ. ಹನಿಗಳು ನೆಲದ ಮೇಲೆ ತೊಟ್ಟಿಕ್ಕುತ್ತಿದ್ದವು. ಅಲ್ಲಿ ನಿಂತವನು ತಿರುಗಿ ಬಂದು ಅದನ್ನು ಮತ್ತೆ ಅವಳ ಖಾಲಿ ತೊಟ್ಟಿಗೇ ಸಿಕ್ಕಿಸಿದ. ಅಂದಿನಿಂದ ಕೆಲಸಕ್ಕೆ ಹೊರಡುವ ಮೊದಲು ಮೀನಿಲ್ಲದ ಆ ನೀರಿಗೆ ಆಹಾರ ಹಾಕುವುದು ಅವನ ಪಾಲಿನ ಕೆಲಸವಾಯಿತು. ಬೇರೆ ಮೀನು ತರೋಣವೇ ಎಂದು ಅವಳನ್ನು ಕೇಳಲು ಬಾಯಿ ಬರಲಿಲ್ಲ. ಅವಳೂ ತೊಟ್ಟಿಯ ಕಡೆ ನೋಡದೆ ಓಡಾಡಿಕೊಂಡಿದ್ದಳು. ಹೆಂಡತಿ ಈ ಸಲ ತಮಾಷೆ ಮಾಡಲಿಲ್ಲ.

ಒಂದು ಬೆಳಗ್ಗೆ ಅವನು ಆಹಾರದ ಡಬ್ಬಿ ಹಿಡಿದು ನಿಂತಿದ್ದಾಗ ಚಿಕ್ಕವಳು ಬಂದು ಅಂಗಿ ಎಳೆದಳು. ತನ್ನ ಮೀನುಗಳಿಗೆ ಜಾಗ ಸಾಲುತ್ತಿಲ್ಲ, ಈ ದೊಡ್ಡ ತೊಟ್ಟಿ ಹೇಗೂ ಖಾಲಿ ಬಿದ್ದಿದೆ, ತನಗೆ ಕೊಡು ಎಂದಳು. ಅಪ್ಪ ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ಮಾತು ಬಂತು.

"ಇರ್ಲಿ ಬಿಡಪ್ಪ, ತಗೊಳ್ಲಿ."

"ಇಲ್ಲ," ಎಂದ ಅಪ್ಪ. "ಅದು ಅಕ್ಕಂದು."

ಚಿಕ್ಕವಳು ಅಳುವುದನ್ನೂ ಮರೆತು ಅವನ ಮುಖ ನೋಡಿದಳು. ಆ ಮನೆಯಲ್ಲಿ ಅಂಥ ಮಾತನ್ನು ಅವಳು ಕೇಳಿಯೇ ಇರಲಿಲ್ಲ. ಅವಳತ್ತ ತಿರುಗಿದ್ದ ಅಪ್ಪನ ಕೈಯ ಡಬ್ಬಿ ವಾಲಿ ಆಹಾರ ಒಂದು ಹಿಡಿಯಷ್ಟು ನೀರಿಗೆ ಬಿತ್ತು.

ಆಮೇಲೆ ದೊಡ್ಡವಳು ತಲೆ ಬಾಚುತ್ತಿದ್ದ ಹಣಿಗೆಯನ್ನು ಕೂದಲಿಗೆ ಸಿಕ್ಕಿಸಿಕೊಂಡು ಹೊರಬಂದಳು. ಅಪ್ಪನನ್ನು ನೋಡಲಿಲ್ಲ. ಬಲೆಯಿಂದ ಹೆಚ್ಚಾದ ಆಹಾರವನ್ನು ಎತ್ತಿ ತೆಗೆದಳು, ಡಬ್ಬಿಯನ್ನು ಅವನ ಕೈಯಿಂದ ಇಸಿದುಕೊಂಡಳು.

"ಇಷ್ಟೊಂದು ಹಾಕ್ತಾರಾ? ನೀರು ಕೆಡತ್ತೆ," ಎಂದು ಗದರಿ, ತಾನೇ ಒಂದು ಚಿಟಿಕೆ ಉದುರಿಸಿದಳು.