ಟಿವಿ, ಅವಳಿಗೆ ಹೇಳು

ನಾನು ಒಂದು ಹದಿನಾಲ್ಕು ಇಂಚಿನ ಕಲರ್ ಟಿವಿ. ಈಗಿನವರ ಹಾಗೆ ಗೋಡೆಗೆ ಅಂಟಿಕೊಂಡು ನಿಲ್ಲುವ ತೆಳ್ಳಗಿನ ಜಾತಿಯಲ್ಲ. ಮುಂದೆ ಮುಖ ಎಷ್ಟಿದೆಯೋ ಹಿಂದೆ ಬೆನ್ನೂ ಅಷ್ಟೇ ಇದೆ. ಕಾರ್ಖಾನೆಯಲ್ಲಿ ನಾನು ಕಣ್ಣು ಬಿಟ್ಟಾಗ ಮುಖದ ಮೇಲೆ ಬಣ್ಣಬಣ್ಣದ ಪಟ್ಟಿಗಳು ಮೂಡಿದವು. ನೀಲಿ ಅಂಗಿಯವನೊಬ್ಬ ಅವನ್ನು ನೋಡಿ "ಓಕೆ" ಎಂದು ಬೆನ್ನಿಗೆ ಚೀಟಿ ಅಂಟಿಸಿ ಮುಂದಕ್ಕೆ ತಳ್ಳಿದ. ನನ್ನನ್ನು ಅಷ್ಟು ಸುಲಭವಾಗಿ ಒಪ್ಪಿಕೊಂಡ ಮನುಷ್ಯ ಆಮೇಲೆ ಸಿಕ್ಕಲೇ ಇಲ್ಲ.

ನನ್ನ ಮೊದಲ ಮನೆ ಅರಸೀಕೆರೆಯ ಒಬ್ಬ ಹೆಡ್‌ಮಾಸ್ಟರರದು. ಬಂದ ದಿನ ನನಗೆ ಆರತಿ ಎತ್ತಿ, ಗಾಜಿಗೇ ಕುಂಕುಮ ಇಟ್ಟು, ಕಸೂತಿ ಹಾಕಿದ ಮುಸುಕು ಹೊದಿಸಿದರು. ಆ ಮುಸುಕನ್ನು ತೆಗೆಯುತ್ತಿದ್ದದ್ದು ವಾರ್ತೆಗೆ ಮಾತ್ರ. ಮೇಷ್ಟ್ರು ತೀರ್ಥಹಳ್ಳಿಗೆ ವರ್ಗವಾದಾಗ ನನ್ನನ್ನು ಸ್ಟೇಷನ್ ಎದುರಿನ ಲಾಡ್ಜಿಗೆ ಮಾರಿದರು. ಅಲ್ಲಿ ಚಿತ್ರ ಅಲುಗಾಡಿದರೂ ಏಟು, ಕ್ರಿಕೆಟ್ಟಿನಲ್ಲಿ ನಮ್ಮವರು ಸೋತರೂ ಏಟು. ಅಲ್ಲಿಂದ ನನಗೊಂದು ಚಾಳಿ ಅಂಟಿಕೊಂಡಿತು: ಕೆನ್ನೆಗೆ ಒಂದು ಬಿದ್ದರೇ ಚಿತ್ರ ನಿಲ್ಲುವುದು. ಲಾಡ್ಜಿನ ಯಜಮಾನಿ, ಮಗಳ ಮದುವೆಯ ರವಿಕೆಗಳು ಚೆನ್ನಾಗಿ ಬಂದವೆಂಬ ಖುಷಿಗೆ ಅವನ್ನು ಹೊಲಿದುಕೊಟ್ಟವರಿಗೇ ನನ್ನನ್ನು ದಾನ ಮಾಡಿದರು.

ಹೀಗೆ ನಾನು ವನಜಾಕ್ಷಿ ಮತ್ತು ಕುಮುದ ಎಂಬ ಅಕ್ಕತಂಗಿಯರ ಲೇಡೀಸ್ ಟೈಲರ್ ಅಂಗಡಿ ಸೇರಿದೆ. ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ಹೊಲಿಯುವವಳು. ನನ್ನ ಜಾಗ ಇಬ್ಬರ ನಡುವೆ, ಒಂದು ಸ್ಟೂಲಿನ ಮೇಲೆ. ಗಿರಾಕಿಗಳು ತಂದುಕೊಡುವ ಅಳತೆ ರವಿಕೆಗಳೆಲ್ಲ ನನ್ನ ತಲೆಯ ಮೇಲೆ. ಹಗಲೆಲ್ಲ ನನಗೆ ರಜ. ಸಂಜೆ ಏಳಕ್ಕೆ ಹಳೆಯ ಹಾಸ್ಯ ಧಾರಾವಾಹಿಗಳನ್ನು ಮರುಪ್ರಸಾರ ಮಾಡುವ ಚಾನೆಲ್ ಹಾಕುತ್ತಿದ್ದರು. ಒಬ್ಬ ಮರೆಗುಳಿ ಗುಮಾಸ್ತ, ಅವನ ಚುರುಕು ನಾಲಿಗೆಯ ಹೆಂಡತಿ, ಮಹಡಿ ಮೇಲಿನ ಜಿಪುಣ ಮನೆ ಓನರ್. ಅದೇ ಕಂತು ಎಷ್ಟು ಸಲ ಬಂದರೂ ಇಬ್ಬರೂ ಮೊದಲ ಸಲ ನೋಡುವವರಂತೆ ಬಿದ್ದು ಬಿದ್ದು ನಗುತ್ತಿದ್ದರು. ಮುಂದಿನ ಮಾತು ಇಂಥದ್ದೇ ಎಂದು ಗೊತ್ತಿದ್ದೂ ನಗುವವರ ಮುಂದೆ ಕೆಲಸ ಮಾಡುವ ಸುಖವೇ ಬೇರೆ.

ಆ ಸುಖಕ್ಕೆ ದೀಪಾವಳಿಯಲ್ಲಿ ಕಣ್ಣು ಬಿತ್ತು. ಚೂಡಾಮಣಿ ಎಂಬ ಗಿರಾಕಿಯ ರೇಷ್ಮೆ ರವಿಕೆ ಹಬ್ಬದ ದಿನ ಹುಕ್ ಹಾಕಲೂ ಬರಲಿಲ್ಲ. ಆಕೆ ಅಂಗಡಿಗೇ ಬಂದು, "ಎಂಥಾ ಬಟ್ಟೆ ಹಾಳು ಮಾಡಿಬಿಟ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಆಕೆ ಹೋದಮೇಲೆ ತಂಗಿ, ಅಕ್ಕ ಬಿಗಿಯಾಗಿ ಕತ್ತರಿಸಿದಳು ಎಂದಳು. ಅಕ್ಕ, ತಂಗಿ ಒಳಗಡೆ ಜಾಸ್ತಿ ಮಡಿಸಿ ಹೊಲಿದಳು ಎಂದಳು. ತಾವು ಕಲಿತ ಕೆಲಸದ ಮೇಲೆ ಬಂದ ಮಾತು. ಇಬ್ಬರಿಗೂ ಎಲ್ಲಿ ತಾಕಬೇಕೋ ಅಲ್ಲಿಗೇ ತಾಕಿತು. ಅವತ್ತಿನಿಂದ ಮಾತು ನಿಂತಿತು.

ಮಾತು ನಿಂತರೂ ಅಂಗಡಿ ನಡೆಯಬೇಕಲ್ಲ? ನಾನಿದ್ದೆನಲ್ಲ!

"ಟಿವಿ, ಹುಕ್ ಡಬ್ಬಿ ಎಲ್ಲಿಟ್ಟಿದಾಳೆ ಅಂತ ಕೇಳು."

"ಟಿವಿ, ಕಣ್ಣೆದುರಿಗೇ ಇದೆ, ಕನ್ನಡಕ ಹಾಕ್ಕೊಂಡು ನೋಡು ಅಂತ ಹೇಳು."

ಪ್ಲಗ್ ಕೂಡ ಹಾಕದೆ ನನ್ನಿಂದ ಇಷ್ಟು ಕೆಲಸ ತೆಗೆದವರು ಬೇರೆ ಯಾರೂ ಇಲ್ಲ. ಮೊದಮೊದಲು ನನಗೆ ಇದು ಹೆಮ್ಮೆಯೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ದಿನ ಕುಮುದ ಹೊಸ ಬೋರ್ಡೊಂದನ್ನು ಬರೆಸಿ ತಂದು ನನ್ನ ಪಕ್ಕದಲ್ಲಿ ಗೋಡೆಗೆ ಒರಗಿಸಿದಳು. ಅದರಲ್ಲಿ ಇದ್ದದ್ದು ಅವಳೊಬ್ಬಳ ಹೆಸರು. ಡಿಸೆಂಬರ್ ಮುಗಿಯುತ್ತಲೇ ಎದುರು ಸಾಲಿನಲ್ಲಿ ಬೇರೆ ಅಂಗಡಿ ತೆರೆಯುತ್ತಾಳಂತೆ. ಕಟಿಂಗ್ ಟೇಬಲ್ ಅಕ್ಕನಿಗೆ, ಮಿಷಿನ್ನು ತಂಗಿಗೆ ಎಂದು ನನ್ನ ಮೂಲಕವೇ ತೀರ್ಮಾನವಾಯಿತು.

"ಟಿವಿ, ನೀನು ಯಾರಿಗೆ ಅಂತ ಕೇಳು," ಎಂದಳು ಕುಮುದ.

"ಇದನ್ನ ಗುಜರಿಯವನಿಗೆ ಕೊಟ್ಟರಾಯ್ತು ಅಂತ ಹೇಳು," ಎಂದಳು ವನಜಾಕ್ಷಿ.

ನನ್ನ ಮರಣದ ಸುದ್ದಿಯನ್ನು ನಾನೇ ಮುಟ್ಟಿಸಬೇಕಾಯಿತು! ಆದರೆ ನಿಜ ಹೇಳುತ್ತೇನೆ, ಗುಜರಿಗಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಆ ಬೋರ್ಡು. ಒಟ್ಟಿಗೆ ನಗುತ್ತಿದ್ದ ಎರಡು ಮುಖಗಳು ಬೀದಿಯ ಆಚೆಗೊಂದು ಈಚೆಗೊಂದು ಆಗುವುದನ್ನು ನೆನೆದರೆ ನನಗೆ ಅಳು ಬರುತ್ತಿತ್ತು.

ಇನ್ನು ಆ ದಿನದ ಮಾತು. ಡಿಸೆಂಬರಿನ ಚಳಿ. ಬೆಳಿಗ್ಗೆ ಮಿಷಿನ್ನಿನ ಎಣ್ಣೆಯೇ ಗಟ್ಟಿಯಾಗಿ, ಕುಮುದ ಸ್ವೆಟರ್ ತೋಳು ಮೇಲೇರಿಸಿಕೊಂಡು ಪೆಡಲಿನೊಂದಿಗೆ ಗುದ್ದಾಡುತ್ತಿದ್ದಳು. ವನಜಾಕ್ಷಿ ತಲೆಗೆ ಮಫ್ಲರ್ ಸುತ್ತಿ ಸೀಮೆಸುಣ್ಣ ಎಳೆಯುತ್ತಿದ್ದಳು. ಧನುರ್ಮಾಸ ಶುರುವಾದರೆ ಮದುವೆಗಳಿಲ್ಲ, ಆದ್ದರಿಂದ ಅದಕ್ಕೆ ಮೊದಲೇ ಎಲ್ಲರಿಗೂ ರವಿಕೆ ಬೇಕು. ಎರಡು ಲೋಟ ಟೀ ಬಂದಿತು. ಅಕ್ಕನ ಲೋಟಕ್ಕೆ ತಂಗಿ ತಟ್ಟೆ ಮುಚ್ಚಿಟ್ಟಳು, ಆರದಿರಲಿ ಎಂದು. ಆದರೆ "ಟೀ ಬಂದಿದೆ ಅಂತ ಹೇಳು" ಎಂದದ್ದು ನನಗೇ.

ಮಧ್ಯಾಹ್ನ ಅದೇ ಚೂಡಾಮಣಿ ಮತ್ತೆ ಬಂದಳು. ನಾದಿನಿಯ ಮದುವೆಯಂತೆ. ಹೊಸ ಬಟ್ಟೆಯನ್ನೂ ದೀಪಾವಳಿಗೆ ಕೊಟ್ಟಿದ್ದ ಅದೇ ಅಳತೆ ರವಿಕೆಯನ್ನೂ ನನ್ನ ತಲೆಯ ಮೇಲಿಟ್ಟು, "ನನ್ನ ಅಳತೆ ಯಾವಾಗ್ಲೂ ಇದೇ. ಈ ಸಲನಾದ್ರೂ ನೆಟ್ಟಗೆ ಹೊಲೀರಮ್ಮ," ಎಂದು ಬಾಗಿಲಲ್ಲಿ ಮೈ ಅಡ್ಡ ತಿರುಗಿಸಿ ನುಸುಳಿ ಹೊರಟುಹೋದಳು. ಅಕ್ಕತಂಗಿ ಇಬ್ಬರೂ ತಲೆ ಎತ್ತಲಿಲ್ಲ.

ಸಂಜೆ ಏಳಾಯಿತು. ಜಗಳ ಏನೇ ಇದ್ದರೂ ಗುಮಾಸ್ತನನ್ನು ತಪ್ಪಿಸುವ ಹಾಗಿಲ್ಲ. ಇಬ್ಬರೂ ಬಾಗಿಲು ಮುಂದೆ ಮಾಡಿ, ಒಬ್ಬರು ನನ್ನ ಈ ಪಕ್ಕಕ್ಕೆ ಇನ್ನೊಬ್ಬರು ಆ ಪಕ್ಕಕ್ಕೆ ಕುಳಿತರು. ನನ್ನ ಚಿತ್ರ ಓಲಾಡತೊಡಗಿತು. ಮಾತು ಬಿಟ್ಟಿದ್ದರಿಂದ "ನಾನು ಹೊಡೀತೀನಿ, ನೀನು ಕೂತ್ಕೋ" ಎನ್ನುವವರಿಲ್ಲ. ಅಕ್ಕ ಎಡಗೆನ್ನೆಗೆ ಬಾರಿಸಿದಳು, ಅದೇ ಕ್ಷಣ ತಂಗಿ ಬಲಗೆನ್ನೆಗೆ ಬಾರಿಸಿದಳು. ಚಿತ್ರ ಗಪ್ಪನೆ ನಿಂತಿತು. ನನ್ನ ದನಿ ಹೊರಟುಹೋಯಿತು.

ಗುಮಾಸ್ತ ಬಾಯಿ ಆಡಿಸುತ್ತಿದ್ದಾನೆ, ಮಾತಿಲ್ಲ. ಮೈಗೆ ಹತ್ತದ ಕೋಟಿನ ಗುಂಡಿ ಎಳೆದಾಡುತ್ತಿದ್ದಾನೆ. ಅದನ್ನು ಮೂಕವಾಗಿ ನೋಡುವುದು ವನಜಾಕ್ಷಿಯ ಕೈಲಾಗಲಿಲ್ಲ. ಗಂಡಸಿನ ದನಿ ಮಾಡಿಕೊಂಡು ತಾನೇ ಹೇಳಿಬಿಟ್ಟಳು:

"ಈ ದೋಬಿ ನನ್ನ ಕೋಟನ್ನ ಕುಗ್ಗಿಸಿಬಿಟ್ಟಿದಾನೆ ಕಣೇ!"

ಕುಮುದ ತಡೆದುಕೊಂಡಳು. ತುಟಿ ಕಚ್ಚಿದಳು. ಆದರೆ ಹೆಂಡತಿ ನನ್ನ ಗಾಜಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಉತ್ತರ ಕೊಡದೆ ಬಿಡುವುದು ಹೇಗೆ?

"ಕೋಟು ಮದುವೇಲಿ ಹೆಂಗಿತ್ತೋ ಹಂಗೇ ಇದೆ ಕಣ್ರೀ. ನೀವು ಮಾತ್ರ ಹಂಗಿಲ್ಲ!"

ಇಬ್ಬರೂ ಒಟ್ಟಿಗೆ ನಕ್ಕರು. ನಗುನಗುತ್ತಲೇ ಕುಮುದಳ ಕಣ್ಣು ನನ್ನ ತಲೆಯ ಮೇಲಿನ ರವಿಕೆಗೆ ಹೋಯಿತು. ನಗು ಅಲ್ಲೇ ನಿಂತಿತು.

"ಅಕ್ಕಾ," ಎಂದಳು.

ದೀಪಾವಳಿಯಿಂದ ನಾನು ಕೇಳದಿದ್ದ ಶಬ್ದ ಅದು.

ವನಜಾಕ್ಷಿ ರವಿಕೆ ಎತ್ತಿಕೊಂಡು ಒಳಮಗ್ಗುಲು ತಿರುಗಿಸಿದಳು. "ನೋಡೇ, ಒಳಗೆ ಬಿಟ್ಟಿರೋ ಬಟ್ಟೆ ಒಂದು ಸಲಾನೂ ಬಿಚ್ಚಿಸಿಲ್ಲ. ಹೆಂಗಸರು ವರ್ಷಕ್ಕೊಂದು ಹೊಲಿಗೆನಾದ್ರೂ ಬಿಚ್ಚಿಸಲ್ವೇ?"

"ಹುಕ್ಕು ಇನ್ನೂ ಹೊಳೀತಾ ಇದೆ ಅಕ್ಕಾ. ಹೆಮ್ಮಿಂಗ್ ನಂದೇ ಕೈ. ಇದು ಅವರ ಮದುವೇಗೆ ನಾವೇ ಹೊಲಿದಿದ್ದು!"

"ಅವರ ಮಗ ಈಗ ಹೈಸ್ಕೂಲು ಕಣೇ!"

ಹಬ್ಬದ ಗಡಿಬಿಡಿಯಲ್ಲಿ ಇಬ್ಬರೂ ಅಳತೆ ನೋಡಿದ್ದರೇ ಹೊರತು ರವಿಕೆ ನೋಡಿರಲಿಲ್ಲ.

"ಹಂಗಾದ್ರೆ ನಾನು ಸರಿಯಾಗೇ ಕತ್ತರಿಸಿದ್ದೆ," ಎಂದಳು ಅಕ್ಕ.

"ನಾನೂ ಸರಿಯಾಗೇ ಹೊಲಿದಿದ್ದೆ," ಎಂದಳು ತಂಗಿ. ಆಮೇಲೆ ಮೆಲ್ಲಗೆ, "ನಿನ್ನ ಕೈಗೆ ತಪ್ಪು ಹೊರಿಸಿದ್ನಲ್ಲಕ್ಕಾ," ಎಂದು ಕಣ್ಣೊರೆಸಿಕೊಂಡಳು.

ಅಕ್ಕ ತನ್ನ ಮಫ್ಲರ್ ಬಿಚ್ಚಿ ಅವಳ ಕತ್ತಿಗೆ ಸುತ್ತಿದಳು. ಗುಮಾಸ್ತ ಇನ್ನೂ ಕೋಟಿನೊಂದಿಗೆ ಹೋರಾಡುತ್ತಿದ್ದ, ಯಾರೂ ನೋಡಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಖುಷಿಯಾಯಿತು.

ಮರುದಿನ ಚೂಡಾಮಣಿಯನ್ನು ಕರೆಸಿ, "ಹೊಸ ಫ್ಯಾಷನ್ ಮೇಡಂ, ಟೇಪಲ್ಲೇ ಅಳತೆ ತಗೋಬೇಕು," ಎಂದರು. ಆಕೆ ಉಸಿರು ಬಿಗಿಹಿಡಿದಾಗ ಕುಮುದ "ಒಂದು ಸಲ ಜೋರಾಗಿ ಕೆಮ್ಮಿ ಮೇಡಂ" ಎಂದಳು. ರವಿಕೆ ಅಚ್ಚು ಹೊಯ್ದ ಹಾಗೆ ಕೂತಿತು. ಎದುರು ಸಾಲಿನ ಅಂಗಡಿಯನ್ನು ಬಿಟ್ಟುಕೊಟ್ಟರು.

ನನ್ನ ದನಿ ಮಾತ್ರ ಮರಳಲಿಲ್ಲ. ಈಗ ಗೋಡೆಯ ಮೇಲೊಬ್ಬ ತೆಳ್ಳಗಿನವನು ಬಂದಿದ್ದಾನೆ. ಗುಜರಿಯವನು ಬಂದಾಗ ಅಕ್ಕ, "ಅದು ಕೊಡೋದಲ್ಲಪ್ಪ, ಮುಂದಕ್ಕೆ ಹೋಗು," ಎಂದುಬಿಟ್ಟಳು. ಕುಮುದಳ ಹೆಸರಿನ ಆ ಬೋರ್ಡನ್ನೇ ಮೂಲೆಯಲ್ಲಿ ಹಲಗೆಯಾಗಿ ಹಾಕಿ ಅದರ ಮೇಲೆ ನನ್ನನ್ನು ಕೂರಿಸಿದ್ದಾರೆ. ತಲೆಯ ಮೇಲೆ ಅಳತೆ ರವಿಕೆಗಳು, ಹೊಟ್ಟೆಯಲ್ಲಿ ಸ್ವಲ್ಪ ದಾರದ ಧೂಳು. ಬಾಯಿ ಇದ್ದಾಗ ಊರಿನವರ ಮಾತೆಲ್ಲ ಆಡಿದೆ. ಬಾಯಿ ಹೋದಮೇಲೆ ಈ ಇಬ್ಬರ ಮಾತು ಹೊರಡಿಸಿದೆ. ಒಂದು ಟಿವಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಜಗಳ ನಿಂತಿದೆ ಎಂದುಕೊಳ್ಳಬೇಡಿ. ಮೊನ್ನೆಯೂ ಒಂದು ತೋಳಿನ ವಿಚಾರಕ್ಕೆ ಹತ್ತಿಕೊಂಡಿತು. ಕುಮುದ ರಪ್ಪನೆ ನನ್ನ ಕಡೆ ತಿರುಗಿ, "ಟಿವಿ, ಅವಳಿಗೆ ಹೇಳು..." ಎಂದು ಶುರುಮಾಡಿದಳು.

ವನಜಾಕ್ಷಿ ಕತ್ತರಿ ಕೆಳಗಿಟ್ಟಳು. "ಅದಕ್ಕೆ ಯಾಕೆ ಹೇಳ್ತೀಯೇ? ನಾನಿಲ್ಲೇ ಇದೀನಲ್ಲ, ನನಗೇ ಬೈಯಿ."