ಅಕ್ಕನ ಎರಡನೆಯ ಕುರ್ಚಿ

ಕೀಸಿದ ಮರದ ಹೊಟ್ಟು, ಪಕ್ಕದಲ್ಲಿ ಸಣ್ಣ ಉರಿಯ ಮೇಲೆ ಕಾಯುವ ಅಂಟು. ಅಪ್ಪನ ಬಡಗಿ ಅಂಗಡಿಯ ಆ ವಾಸನೆ ನನಗೆ ಅಮ್ಮನ ಸೆರಗಿನಷ್ಟೇ ಹಳೆಯದು. ನಾನು ಮೂಸಿ ಶಾಲೆಗೆ ಓಡುತ್ತಿದ್ದೆ. ಅಕ್ಕ ಮಾತ್ರ ಅಪ್ಪನಿಗೆ ಊಟ ಕೊಟ್ಟ ಮೇಲೂ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಮನೆಗೆ ಹೋಗವ್ವ, ಉಳಿ ತಾಗೀತು," ಎನ್ನುತ್ತಿದ್ದ ಅಪ್ಪ. ಗದರಿಕೆಯಲ್ಲ, ಪ್ರೀತಿಯೇ.

ಅಮ್ಮ ಹೋದ ಮೇಲೆ ಮನೆ ಅಕ್ಕನ ಹೆಗಲಿಗೆ ಬಿತ್ತು. ನನ್ನನ್ನು ಕಾಲೇಜಿಗೆ ಕಳಿಸಿದ್ದು, ತಮ್ಮನನ್ನು ಸಾಕಿ ಅಂಗಡಿಯಲ್ಲಿ ಕೂರಿಸಿದ್ದು, ಅವನ ಮಕ್ಕಳನ್ನು ಎತ್ತಿ ಆಡಿಸಿದ್ದು ಎಲ್ಲ ಅವಳೇ. ಅಂಗಡಿಗೆ ಮಧ್ಯಾಹ್ನದ ಬುತ್ತಿ ಹೊರುವುದಂತೂ ತಪ್ಪಲೇ ಇಲ್ಲ.

ಹೋದ ವರ್ಷ ತಮ್ಮ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ದೇವರ ಪಟ ತೂಗುಹಾಕಿ, ಜಪಕ್ಕೆ ಕೂರಲು ಮಣೆ ಹಾಕಿಸಿದ.

"ಅಕ್ಕ, ದುಡಿದದ್ದು ಸಾಕು. ಜಪ ಮಾಡ್ಕೊಂಡು ನೆಮ್ಮದಿಯಾಗಿರು. ಈ ವಯಸ್ಸಲ್ಲಿ ಬೇಕಾದ್ದು ಮೋಕ್ಷ ತಾನೇ?"

"ಮೋಕ್ಷ ಎಲ್ಲಿಗೂ ಓಡಿಹೋಗಲ್ಲ ಕಣೋ. ನಂಗೊಂದು ಕುರ್ಚಿ ಮಾಡ್ಬೇಕು."

"ಅಷ್ಟೇನಾ? ನಾಳೆನೇ ಮಾಡಿಸ್ಕೊಡ್ತೀನಿ."

"ಕೂತ್ಕೊಳ್ಳೋಕಲ್ಲ. ಮಾಡೋಕೆ."

ತಮ್ಮ ನನ್ನ ಕಡೆ ತಿರುಗಿದ. "ಓದಿದವಳು, ನೀನಾದ್ರೂ ಹೇಳು."

ಓದಿದ್ದನ್ನೇ ಹೇಳಿದೆ. "ಮನುಷ್ಯನಿಗೆ ಧರ್ಮ, ಅರ್ಥ, ಕಾಮ, ಮೋಕ್ಷ ಎಲ್ಲ ಬೇಕು ಅಂದ್ರು ಹಿರಿಯರು. ಧರ್ಮ ಇವಳು ನಮ್ಮೆಲ್ಲರ ಪಾಲಿಂದೂ ಸೇರಿಸಿ ಮಾಡಿದಾಳೆ. ಆಸೆ ಇನ್ನೂ ಹಾಗೇ ಇರುವಾಗ ಸೀದಾ ಕೊನೇದಕ್ಕೆ ತಳ್ಳೋಕೆ ನೀನ್ಯಾರೋ?"

ಅವನು ತಲೆ ಕೆರೆದುಕೊಂಡ. "ಸರಿ ಅಕ್ಕ. ಆದ್ರೆ ಅಪ್ಪನ ಕಾಲದ ಪರೀಕ್ಷೆ ಇದೆಯಲ್ಲ. ಗೆದ್ರೆ ಅಂಗಡೀಲಿ ಕಿಟಕಿ ಪಕ್ಕದ ಜಾಗ ನಿಂದೇ. ಸೋತ್ರೆ ಮಣೆ."

ಪರೀಕ್ಷೆ ಎಂದರೆ, ಹೊಸ ಕುರ್ಚಿಯ ಮೇಲೆ ಅಂಗಡಿಯ ಅತಿ ದಪ್ಪನೆಯ ಆಳು ಕೂತು, ಹಿಂದಕ್ಕೆ ವಾಲಿ, ಕುರ್ಚಿಯ ಹಿಂದಿನ ಎರಡೇ ಕಾಲಿನ ಮೇಲೆ ತೂಗಬೇಕು. ಈಗ ಆ ಪದವಿ ಪಾಲಿಶ್ ಹಾಕುವವನದು. ಎಲ್ಲರೂ ಅವನನ್ನು ಬೆಟ್ಟ ಎಂದೇ ಕರೆಯುವುದು.

ಬಾಗಿಲಲ್ಲಿ ನಿಂತು ನೋಡಿ ಕಲಿತಷ್ಟರಲ್ಲೇ ಅಕ್ಕ ಮಾಡಿದ ಮೊದಲ ಕುರ್ಚಿಯ ಮೇಲೆ ಬೆಟ್ಟ ವಾಲಿದ. ಕುರ್ಚಿ ಪುಡಿಪುಡಿ, ಬೆಟ್ಟ ನೆಲಕ್ಕೆ.

ತಮ್ಮ ಬಾಯಿ ತೆರೆಯುವ ಮೊದಲೇ ಬೆಟ್ಟ ಸೊಂಟ ತಿಕ್ಕಿಕೊಳ್ಳುತ್ತ ಹೇಳಿದ, "ಬಿದ್ದವನು ನಾನು, ಯಜಮಾನ್ರೇ. ಅಮ್ಮಾವ್ರು ಇನ್ನೊಂದು ಮಾಡ್ಲಿ. ಬೀಳೋಕೆ ನಾನಿದೀನಿ."

ಅಕ್ಕ ಕಳಚಿದ ಕಾಲನ್ನು ಎತ್ತಿ ಮೂಸಿದಳು. ಅಡುಗೆ ಎಣ್ಣೆ. ಹಿಟ್ಟು ನಾದುವ ಮುಂಚೆ ಅಂಗೈಗೆ ಎಣ್ಣೆ ಸವರಿಕೊಳ್ಳುವುದು ಅವಳ ರೂಢಿ. ಅಂಟು ಕೈಗೆ ಮೆತ್ತದಿರಲಿ ಎಂದು ಇಲ್ಲೂ ಹಾಗೇ ಮಾಡಿದ್ದಳು. ಎಣ್ಣೆ ಕುಡಿದ ಮರ ಅಂಟನ್ನು ಹಿಡಿದೀತೇ?

"ಅಡುಗೆಮನೆ ಇಲ್ಲಿಗೂ ಬಂದ್ಬಿಡ್ತಲ್ಲೇ," ಎಂದು ನಕ್ಕು, ಸೋಪು ಹಾಕಿ ಕೈ ತೊಳೆದು ಮತ್ತೆ ಕೂತಳು.

ಒಂದು ದಿನ ಅಂಗಡಿಯ ಕಿಟಕಿಯಿಂದ ಅವಳನ್ನು ಕೂಗಿದೆ, ಕೂಗಿದೆ. ತಲೆ ಎತ್ತಲಿಲ್ಲ. ಆಮೇಲೆ ಕೇಳಿದರೆ, "ಒಳಗೆ ನಾನೇ ಇರ್ಲಿಲ್ಲ ಕಣೆ, ಕೆಲಸ ಒಂದೇ ಇತ್ತು," ಎಂದಳು. ಮಣೆಯ ಮೇಲೆ ಕಣ್ಣು ಮುಚ್ಚಿ ಜನ ಹುಡುಕುವುದು ಇದನ್ನೇ ಅಲ್ಲವೇ ಅನ್ನಿಸಿತು.

ಎರಡನೆಯ ಕುರ್ಚಿಯ ಮೇಲೆ ಬೆಟ್ಟ ವಾಲಿದ, ತೂಗಿದ, ಕಾಲ ಮೇಲೆ ಕಾಲು ಹಾಕಿದ. ಮರ ಕಿರ್ ಎನ್ನಲಿಲ್ಲ. "ಯಜಮಾನ್ರೇ, ನಿದ್ದೆ ಬರ್ತಿದೆ. ಎಬ್ಬಿಸ್ಬೇಡಿ."

ತಮ್ಮ ಬಗ್ಗಿ ನಾಲ್ಕೂ ಕಾಲು ಅಲ್ಲಾಡಿಸಿ ನೋಡಿದ. ಹೋಗಿ ಕಿಟಕಿ ಪಕ್ಕದ ಕೆಲಸದ ಮೇಜನ್ನು ತನ್ನ ಹೆಗಲ ವಸ್ತ್ರದಿಂದಲೇ ಒರೆಸಿದ.

"ಈಗ ಸಾಕು ಅನ್ನಿಸ್ತಾ, ಅಕ್ಕ?"

"ಬೇಕು ಅನ್ನೋದೇ ಈಗ ಶುರುವಾಗಿದೆ. ಸಾಕು ತಾನಾಗಿ ಬರುತ್ತೆ, ಬಿಡು."

ಮರುದಿನ ಅಕ್ಕ ಕಿಟಕಿ ಪಕ್ಕ ಕೆಲಸಕ್ಕೆ ಕೂತಿದ್ದಂತೆಯೇ ಮಧ್ಯಾಹ್ನವಾಯಿತು. ಬುತ್ತಿ ತರಲೆಂದು ಅಭ್ಯಾಸಬಲದಿಂದ ಅವಳು ಎದ್ದಳು. ಅಷ್ಟರಲ್ಲಿ ತಮ್ಮ ಬಾಗಿಲಲ್ಲಿ ಕಾಣಿಸಿದ, ಕೈಯಲ್ಲಿ ಬುತ್ತಿ. ಮೇಜಿನ ಮೇಲಿನ ಹೊಟ್ಟನ್ನು ಸರಿಸಿ, ತಟ್ಟೆಗೆ ಬಡಿಸಿ, ಅಂಟು ಮೆತ್ತಿದ ಅವಳ ಕೈಗಳಿಗೆ ಕೊಟ್ಟ.